ಅಪೂರ್ಣಸಿದ್ಧರಾದ ವಿದ್ಯಾರ್ಥಿಗಳೂ ಅಮೆರಿಕದ ಪೂರಕ ಶಿಕ್ಷಣವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕಮ್ಯುನಿಟಿ ಕಾಲೇಜುಗಳೆಂಬ ಎರಡು ವರ್ಷಗಳ ವ್ಯಾಸಂಗದ ಸಂಸ್ಥೆಗಳು ಬಹಳವಾಗಿವೆ. ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಸಂಸ್ಥೆಗಳ ಪೈಕಿ ಅತ್ಯಂತ ಹಳೆಯದು 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ಟಿನಲ್ಲಿ ಸ್ಥಾಪಿತವಾಯಿತು. ಬಂದವರನ್ನು ಸಾಮಾನ್ಯವಾಗಿ ನಿರಾಕರಿಸದಿರುವುದೇ ಇವುಗಳ ಲಕ್ಷಣ. ಆದಕಾರಣ ಗಣಿತದಲ್ಲಾಗಲಿ ಇಂಗ್ಲಿಷ್ ಬರವಣಿಗೆಯಲ್ಲಾಗಲಿ ಸಾಕಷ್ಟು ಬಲವಿಲ್ಲದವರೂ, ಬಹುಕಾಲ ಉದ್ಯೋಗದಲ್ಲಿದ್ದು ಓದನ್ನು ಮರೆತವರೂ ಇಲ್ಲಿಗೆ ಬರುತ್ತಾರೆ. ಇವರನ್ನು ಕಾಲೇಜಿನ ಪಾಠಕ್ಕೆ ಅಣಿಗೊಳಿಸುವ ಬೋಧನೆಯನ್ನು ಪೂರಕ ಶಿಕ್ಷಣವೆಂದು ಕರೆಯಬಹುದು.

ಇದರ ಹಳೆಯ ಕ್ರಮ ಹೀಗಿತ್ತು: ಪ್ರವೇಶಕಾಲದಲ್ಲಿ ಒಂದು ಕಿರುಪರೀಕ್ಷೆ, ಅದರಲ್ಲಿ ಹಿಂದುಳಿದವರಿಗೆ ಒಂದೋ ಎರಡೋ ಮೂರೋ ಮೆಟ್ಟಲುಗಳ ಪೂರ್ವಪಾಠ. ಇದಕ್ಕೆ ಶುಲ್ಕವುಂಟು, ಪದವಿಯ ಲೆಕ್ಕಕ್ಕೆ ಮಾತ್ರ ಸಾಮಾನ್ಯವಾಗಿ ಸೇರದು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಥಾಮಸ್ ಬೇಯ್ಲಿ ಮೊದಲಾದವರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಗಣಿತದ ಪೂರ್ವಪಾಠಕ್ಕೆ ನಿಯಮಿತರಾದವರಲ್ಲಿ ಅದನ್ನು ಪೂರೈಸಿದವರು ಶೇಕಡ 33. ವಾಚನದಲ್ಲಿ ಶೇಕಡ 46. ಇಲ್ಲಿ ಗಮನಾರ್ಹವಾದ ಸಂಗತಿಯೊಂದುಂಟು. ಪಾಠದಲ್ಲಿ ಸೋತು ಅಥವಾ ನಡುವೆ ಬಿಟ್ಟು ಹೋದವರಿಗಿಂತ, ಮೊದಲನೆಯ ಅಥವಾ ಮುಂದಿನ ತರಗತಿಗೆ ಹೆಸರನ್ನೇ ಕೊಡದೆ ಹೋದವರು ಹೆಚ್ಚು! ನೂರು ಮಂದಿಗೆ ಮೂರು ಮೆಟ್ಟಲುಗಳಿರಲಿ; ಪ್ರತಿಯೊಂದರಲ್ಲಿಯೂ ಶೇಕಡ 80 ಮಂದಿ ತೇರ್ಗಡೆಯಾಗಲಿ, ತೇರ್ಗಡೆಯಾದವರಲ್ಲಿ ಶೇಕಡ 80 ಮಂದಿ ಮುಂದಕ್ಕೆ ಬರಲಿ. ಆಗ 80, 64, 51, 41 ಎಂದು ಇಳಿಯುತ್ತ ಕಡೆಗೆ ಉಳಿಯುವವರು 33. ಯಾವ ಉಪಾಧ್ಯಾಯನೂ ಕೆಟ್ಟದಾಗಿ ಕಲಿಸಿಲ್ಲ. ಆದರೂ ಮೂರರಲ್ಲಿ ಎರಡು ಪಾಲು ಮಂದಿ ನಷ್ಟರಾದರು. ದೋಷವು ಮೆಟ್ಟಲುಗಳ ಸಂಖ್ಯೆಯಲ್ಲಿದೆ.

ಶಾಸ್ತ್ರಗ್ರಂಥಗಳಲ್ಲಿ ವಿಷಯ, ಸಂಬಂಧ, ಪ್ರಯೋಜನಗಳೊಡನೆ ಅಧಿಕಾರಿಯನ್ನೂ ಆರಂಭದಲ್ಲಿಯೇ ನಿರ್ಣಯಿಸುವುದು ಸಂಪ್ರದಾಯ. ಆ ನಿರ್ಣಯವನ್ನು ಒಂದು ಗಳಿಗೆಯ ಪರೀಕ್ಷೆಗೆ ಒಪ್ಪಿಸಿದುದು ಇಲ್ಲಿಯ ಎರಡನೆಯ ದೋಷ. ಗಣಿತದಲ್ಲಿ ನಾಲ್ವರಲ್ಲಿ ಒಬ್ಬನೂ ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬನೂ ತೀರ ತಪ್ಪಾದ ತರಗತಿಗೆ ಸೇರುತ್ತಿದ್ದರೆಂದು 2014ರ ಒಂದು ಸಂಶೋಧನೆ ತೋರಿಸಿತು. ಮೇಲಿನ ತರಗತಿಗೆ ಅರ್ಹನಾದವನನ್ನು ಕೆಳಗೆ ನಿಲ್ಲಿಸಿದ ತಪ್ಪೇ ಅದರಲ್ಲಿ ಹೆಚ್ಚು. ಪ್ರೌಢಶಾಲೆಯ ವರ್ಷಗಟ್ಟಲೆಯ ಅಂಕಗಳು ಇದಕ್ಕಿಂತ ನಂಬಲರ್ಹವಾದ ಸಾಕ್ಷಿ.

ಹೀಗಿರಲಾಗಿ, ಪೂರಕಪಾಠವನ್ನು ಮುಖ್ಯಪಾಠದ ಹಿಂದೆ ಇಡದೆ ಪಕ್ಕದಲ್ಲಿಡುವ ಕ್ರಮ ಹುಟ್ಟಿತು. ಮೇರಿಲೆಂಡಿನ ಬಾಲ್ಟಿಮೋರ್ ಕೌಂಟಿಯ ಕಾಲೇಜು 2007ರಲ್ಲಿ ಬರವಣಿಗೆಯಲ್ಲಿ ಹಿಂದುಳಿದವರನ್ನು ಪದವಿಯ ಲೆಕ್ಕಕ್ಕೆ ಸೇರುವ ತರಗತಿಯಲ್ಲಿಯೇ ಕೂರಿಸಿ, ಅದೇ ಉಪಾಧ್ಯಾಯರಿಂದ ಅವರಿಗೆ ಚಿಕ್ಕ ಗುಂಪಿನಲ್ಲಿ ಮತ್ತೊಂದು ಪಾಠವನ್ನು ಏರ್ಪಡಿಸಿತು. ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯದ ಮೂರು ಕಾಲೇಜುಗಳಲ್ಲಿ 2013ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಬೀಜಗಣಿತದ ಪೂರ್ವಪಾಠಕ್ಕೆ ನಿಯಮಿತರಾದವರನ್ನು ಚೀಟಿಯೆತ್ತಿದಂತೆ ವಿಂಗಡಿಸಲಾಯಿತು. ಪೂರ್ವಪಾಠ ಮಾತ್ರ ಪಡೆದವರಲ್ಲಿ ಶೇಕಡ 39, ಅದರೊಡನೆ ವಾರದ ಅಭ್ಯಾಸಗೋಷ್ಠಿಯೂ ಇದ್ದವರಲ್ಲಿ 45, ನೇರವಾಗಿ ಕಾಲೇಜಿನ ಸಂಖ್ಯಾಶಾಸ್ತ್ರಕ್ಕೆ ಸೇರಿ ಗೋಷ್ಠಿಯನ್ನೂ ಪಡೆದವರಲ್ಲಿ 56 ಮಂದಿ ತೇರ್ಗಡೆಯಾದರು. ಕ್ಯಾಲಿಫೋರ್ನಿಯಾದಲ್ಲಿ 2017ರ ಶಾಸನವು ಹಳೆಯ ಮೆಟ್ಟಲುಗಳನ್ನು ಬಹುಮಟ್ಟಿಗೆ ತೆಗೆಯಿಸಿತು.

ಆದರೆ ಮೆಟ್ಟಲನ್ನು ಕಿತ್ತು ಕೈಯನ್ನೂ ಹಿಡಿಯದಿದ್ದರೆ ಅದು ಸುಧಾರಣೆಯಲ್ಲ, ಬರಿಯ ಮಿತವ್ಯಯ. ಅದೇ ನ್ಯೂಯಾರ್ಕ್ ವಿಶ್ವವಿದ್ಯಾನಿಲಯವು 2007ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ ಪೂರ್ಣಕಾಲ ಓದಬೇಕೆಂಬ ನಿಯಮವಿದೆ. ಅದಕ್ಕೆ ಪ್ರತಿಯಾಗಿ ಉಳಿದ ಶುಲ್ಕದ ಮನ್ನಾ, ಪುಸ್ತಕಗಳಿಗೆ ನೆರವು, ರೈಲು ಬಸ್ಸುಗಳ ಪಾಸು, ಆಗಾಗ ಕರೆದು ವಿಚಾರಿಸುವ ಸಲಹೆಗಾರ, ಇವೆಲ್ಲ ದೊರೆಯುತ್ತಿದ್ದವು. ಪೂರಕಪಾಠ ಬೇಕಾಗಿದ್ದವರಲ್ಲಿ ಮೂರು ವರ್ಷಗಳೊಳಗೆ ಪದವಿ ಪಡೆದವರು ಯೋಜನೆಯಲ್ಲಿ ಶೇಕಡ 40, ಹೊರಗೆ ಶೇಕಡ 22. ವಿದ್ಯಾರ್ಥಿಯೊಬ್ಬನಿಗೆ ತಗಲಿದ ವೆಚ್ಚ ಅಧಿಕವೇ. ಪದವಿಯೊಂದಕ್ಕೆ ತಗಲಿದ ವೆಚ್ಚ ಮಾತ್ರ ಹಳೆಯ ಕ್ರಮದಲ್ಲಿದ್ದುದಕ್ಕಿಂತ ಕಡಿಮೆಯಾಯಿತು.