ಕಾಣದ ನೀರಲ್ಲಿ ಉಸಿರಿನ ಪಾಠ

ಫ್ರೀಡೈವಿಂಗ್ ಅಂದರೆ ನಮ್ಮ ಕಣ್ಮುಂದೆ ಬರುವುದು ರೀಲ್ಸ್‌ನ ನೀಲಿ ಸಮುದ್ರ, ಬೆನ್ನಿಗೆ ಸಿಲಿಂಡರ್ ಇಲ್ಲದೆ ಮೀನಿನಂತೆ ಇಳಿಯುವ ಈಜುಗಾರ. ಒಂದೇ ಉಸಿರಲ್ಲಿ ಇಳಿದು, ಅದೇ ಉಸಿರಲ್ಲಿ ಮೇಲೆ ಬರುವ ಆಟ ಇದು. ಆದರೆ ಇಂಗ್ಲೆಂಡ್‌ನಲ್ಲಿ ಅನೇಕರು ಇದನ್ನು ಕಲಿಯುವುದು ನೀರು ತುಂಬಿದ ಹಳೆಯ ಕಲ್ಲು ಕ್ವಾರಿಗಳಲ್ಲಿ. ಸೋಮರ್‌ಸೆಟ್‌ನ ವಾಬ್‌ಸ್ಟರ್ ಕೀ ಅಂಥದ್ದೊಂದು ಸುಣ್ಣಕಲ್ಲಿನ ಕ್ವಾರಿ.

ಬ್ರಿಸ್ಟಲ್‌ನಲ್ಲಿ ಎಂಎಸ್ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗ ಕಳೆದ ಬೇಸಿಗೆಯಲ್ಲಿ ಇಂಥ ಕ್ವಾರಿಯೊಂದರಲ್ಲಿ ಕೋರ್ಸ್ ಮಾಡಿದ. ‘ಮೇಲೆ ಪರವಾಗಿಲ್ಲ ಕಣೋ, ಸ್ವಲ್ಪ ಇಳಿದರೆ ಫ್ರಿಜ್ ಬಾಗಿಲು ತೆಗೆದ ಹಾಗೆ. ಚಾಚಿದ ಕೈಯೇ ಮಸುಕು’ ಎಂದ. ಇಂಥ ಕಡೆ ಕಲಿಸುವುದಾದರೂ ಹೇಗೆ ಎಂಬ ಕುತೂಹಲ ನನ್ನದು.

ಬಿಸಿಲಿಗೆ ಕಾದ ನೀರು ಹಗುರವಾಗಿ ಮೇಲೆ ನಿಲ್ಲುತ್ತದೆ, ತಣ್ಣೀರು ಕೆಳಗೆ. ನಡುವಿನ ಗಡಿಯೇ ಥರ್ಮೋಕ್ಲೈನ್. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಶಾಖ ಎಳೆದುಕೊಳ್ಳುತ್ತದೆ. ಹಾಗಾಗಿ 5ರಿಂದ 7 ಮಿ.ಮೀ. ದಪ್ಪದ ನಿಯೋಪ್ರೀನ್ ಸೂಟ್ ಬೇಕು. ಇಲ್ಲಿಂದ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಶುರು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ, ಶ್ವಾಸಕೋಶದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಸೂಟಿನೊಳಗಿನ ಗಾಳಿಗುಳ್ಳೆಗಳೂ ಕುಗ್ಗಿ, ಅದು ತೇಲಿಸುವುದೂ ಬೆಚ್ಚಗಿಡುವುದೂ ಕಡಿಮೆಯಾಗುತ್ತದೆ. ಸೊಂಟಕ್ಕೆ ಕಟ್ಟುವ ತೂಕ ಎಷ್ಟಿರಬೇಕೆಂದು ಶಿಕ್ಷಕರು ಮೊದಲೇ ಪರೀಕ್ಷಿಸುವುದು ಇದಕ್ಕೇ.

ತಣ್ಣೀರಿಗೆ ಬಿದ್ದ ತಕ್ಷಣ ಉಸಿರು ಏದುಸಿರಾಗುತ್ತದೆ. ಅದು ಶಾಂತವಾಗುವವರೆಗೆ ಯಾರೂ ಇಳಿಯುವಂತಿಲ್ಲ. ತಲೆಗವಸಿನೊಳಗೆ ಮೊದಲೇ ಬೆಚ್ಚನೆಯ ನೀರು ಸುರಿದುಕೊಳ್ಳುತ್ತಾರೆ. ಇಲ್ಲದಿದ್ದರೆ ಕಿವಿಗೆ ಒಮ್ಮೆಲೇ ತಣ್ಣೀರು ನುಗ್ಗಿ ತಲೆ ಸುತ್ತಬಹುದು. ನಡುಕ ಬಂದರೆ ಅಂದಿನ ಪಾಠ ಮುಗಿಯಿತು, ಏಕೆಂದರೆ ನಡುಗುವ ಸ್ನಾಯುಗಳು ಆಮ್ಲಜನಕವನ್ನು ಬೇಗ ಖರ್ಚು ಮಾಡುತ್ತವೆ.

ಕಾಣದಿರುವುದಕ್ಕೆ ಉತ್ತರ ಹಗ್ಗ. ಮೇಲೆ ತೇಲುವ ಬೋಯಿ, ಅದರಿಂದ ನೇರ ಕೆಳಗೆ ತೂಕ ಕಟ್ಟಿದ ಹಗ್ಗ, ಹಗ್ಗಕ್ಕೂ ಮಣಿಕಟ್ಟಿಗೂ ಲ್ಯಾನ್‌ಯಾರ್ಡ್. ತಿಳಿನೀರಿನಲ್ಲಿ ಶಿಕ್ಷಕರು ಮೇಲಿನಿಂದಲೇ ವಿದ್ಯಾರ್ಥಿಯನ್ನು ನೋಡಬಹುದು. ಇಲ್ಲಿ ಪಕ್ಕದಲ್ಲೇ ಇಳಿಯಬೇಕು. ಐಡಾ ಸಂಸ್ಥೆಯ ಎರಡನೇ ಹಂತದ ಕೋರ್ಸ್‌ಗೆ 2 ನಿಮಿಷ ಉಸಿರು ಹಿಡಿಯಬೇಕು, 16 ಮೀಟರ್ ಇಳಿಯಬೇಕು. ಕಿವಿ ನೋವಾದರೆ ಅರ್ಧದಲ್ಲೇ ತಿರುಗಿ ಬರಬೇಕು. ಅಣ್ಣ ಎರಡು ಸಲ ಹಾಗೆ ಬಂದಾಗ ಶಿಕ್ಷಕಿ ಬೆನ್ನು ತಟ್ಟಿದರಂತೆ.

ಅತಿ ಮುಖ್ಯ ಪಾಠ ಇರುವುದು ಮೇಲೆ ಬಂದ ನಂತರ. ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಏರುವಾಗಿನ ಕೊನೆಯ ಕೆಲವು ಮೀಟರ್‌ಗಳಲ್ಲಿ ಅಥವಾ ತಲೆ ನೀರಿನಿಂದ ಹೊರಬಂದ ಮೇಲೆ. ಏರುತ್ತಾ ಒತ್ತಡ ಇಳಿದಂತೆ ರಕ್ತಕ್ಕೆ ಸಿಗುವ ಆಮ್ಲಜನಕವೂ ಥಟ್ಟನೆ ಇಳಿಯುತ್ತದೆ. ಹಾಗಾಗಿ ಮೇಲೆ ಬಂದವನ ಮುಖವನ್ನು ಜೊತೆಗಾರ 30 ಸೆಕೆಂಡ್ ಬಿಡದೆ ನೋಡಬೇಕು.

ಇದನ್ನು ಕೇಳುವಾಗ ನನಗೆ ನಮ್ಮೂರ ಹೊರಗಿನ ಕ್ವಾರಿ ನೆನಪಾಯಿತು. ಅಲ್ಲಿ ತೀರಿಕೊಂಡ ಹುಡುಗ ಪಿಯುಸಿಯಲ್ಲಿ ನನ್ನ ಸೀನಿಯರ್. ಈಜು ಚೆನ್ನಾಗಿಯೇ ಬರುತ್ತಿತ್ತು. ಎಷ್ಟು ಹೊತ್ತು ಮುಳುಗಿರುತ್ತೀಯ ನೋಡೋಣ ಎಂಬ ಪಂದ್ಯ. ದಡದಲ್ಲಿ ನಾಲ್ವರು ಗೆಳೆಯರಿದ್ದರು. ಚೇಷ್ಟೆ ಮಾಡುತ್ತಿದ್ದಾನೆ ಎಂದೇ ಅವರು ಕೊನೆಯವರೆಗೂ ಅಂದುಕೊಂಡಿದ್ದರು.

ಬೇಸಿಗೆ ರಜೆ ಬಂದರೆ ಕ್ವಾರಿ, ಕೃಷಿಹೊಂಡಗಳಲ್ಲಿ ಮುಳುಗಿದ ವಿದ್ಯಾರ್ಥಿಗಳ ಸುದ್ದಿ ಇದೇ ಪತ್ರಿಕೆಯಲ್ಲಿ ಓದುತ್ತೇವೆ. ಬೇಲಿ, ಎಚ್ಚರಿಕೆ ಫಲಕ ಹಾಕುವುದು ಆಡಳಿತದ ಕೆಲಸ, ಸರಿ. ನಾವು ಮಾಡಬಹುದಾದದ್ದೂ ಇದೆ. ಮುಳುಗುವ ಮುನ್ನ ಜೋರಾಗಿ ಏಳೆಂಟು ಸಲ ಉಸಿರಾಡಿದರೆ ಹೆಚ್ಚು ಹೊತ್ತು ಇರಬಹುದು ಎಂಬುದು ಹಾಸ್ಟೆಲ್ ಜ್ಞಾನ. ಹಾಗೆ ಮಾಡಿದರೆ ಆಮ್ಲಜನಕ ಹೆಚ್ಚುವುದು ಅಷ್ಟಕ್ಕಷ್ಟೆ. ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಉಸಿರು ಬೇಕೆಂಬ ಎಚ್ಚರಿಕೆ ತಡವಾಗುತ್ತದೆ. ಅಷ್ಟರಲ್ಲಿ ಪ್ರಜ್ಞೆ ಹೋಗಿರುತ್ತದೆ. ಈಜುಕೊಳದಲ್ಲೂ ಇದು ಬೇಡ.

ಆಸಕ್ತಿ ಇದ್ದವರು ತರಬೇತಾದ ಶಿಕ್ಷಕರ ಬಳಿ ಕಲಿಯಲಿ. ಉಳಿದವರು ಗೆಳೆಯ ನೀರಿಗಿಳಿದಾಗ ಮೊಬೈಲ್ ಜೇಬಿಗಿಟ್ಟು ಅವನ ಕಡೆ ನೋಡುತ್ತಿರಲಿ. ಮೇಲೆ ಬಂದ ಮೇಲೂ 30 ಸೆಕೆಂಡ್.