ಮೊದಲು ಮನುಷ್ಯ, ಆಮೇಲೆ ಸರ್ಕಾರ

ಕರಾಳ ಭವಿಷ್ಯದ ಕಾದಂಬರಿ ಬರೆಯಹೊರಟವರು ಮೊದಲು ಸರ್ಕಾರವನ್ನು ಕಟ್ಟುತ್ತಾರೆ: ಕಾನೂನು, ಗೂಢಚಾರರು, ಕ್ಯಾಮೆರಾ. ಮನುಷ್ಯ ಕೊನೆಗೆ ಬರುತ್ತಾನೆ. ನನಗೆ ಈ ಕ್ರಮವೇ ತಲೆಕೆಳಗು ಅನ್ನಿಸುತ್ತದೆ.

ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ‘1984’ ತೆರೆದು ನೋಡಿ. ನಾಯಕ ವಿನ್‌ಸ್ಟನ್ ಸ್ಮಿತ್‌ಗೆ 39 ವರ್ಷ, ಬಲಗಾಲಿನ ಹರಡಿನ ಮೇಲೆ ಹುಣ್ಣು. ಲಿಫ್ಟ್ ನಡೆಯುವುದಿಲ್ಲ; ಏಳು ಮಹಡಿಯ ಮೆಟ್ಟಿಲನ್ನು ನಿಂತು ನಿಂತು ಹತ್ತುತ್ತಾನೆ. ಪ್ರತಿ ಮಹಡಿಯಲ್ಲೂ ಗೋಡೆಯ ಮೇಲಿನ ಪೋಸ್ಟರಿನ ದೊಡ್ಡ ಮುಖ ಅವನನ್ನೇ ದಿಟ್ಟಿಸುತ್ತದೆ. ಆಳ್ವಿಕೆ ಎಂಥದ್ದೆಂದು ಯಾರೂ ವಿವರಿಸುವ ಮೊದಲೇ ಓದುವವರ ಕಾಲು ನೋಯತೊಡಗುತ್ತದೆ. ಆಮೇಲೆ ಅವನು ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ದಿನಚರಿ ಪುಸ್ತಕ ತೆಗೆದು, ಮನೆಯೊಳಗೇ ಕಾವಲು ಕಾಯುವ ಪರದೆಯಾದ ಟೆಲಿಸ್ಕ್ರೀನಿನ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂರುತ್ತಾನೆ. ಬರೆಯಬೇಕೆಂಬ ಆ ಆಸೆಯಿಂದಲೇ ಕಥೆ ಹೊರಡುತ್ತದೆ.

ಮಾರ್ಗರೆಟ್ ಅಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ (1985) ಕಾದಂಬರಿಯ ನಾಯಕಿಗೆ ಕೈಗೆ ಹಚ್ಚುವ ಕ್ರೀಮೂ ನಿಷಿದ್ಧ. ಊಟದ ಬೆಣ್ಣೆಯನ್ನು ಶೂ ತುದಿಯಲ್ಲಿ ಬಚ್ಚಿಟ್ಟುಕೊಂಡು, ರಾತ್ರಿ ಚರ್ಮಕ್ಕೆ ಸವರಿಕೊಳ್ಳುತ್ತಾಳೆ. ಎಂದಾದರೂ ಬಿಡುಗಡೆಯಾಗಿ, ಯಾರಾದರೂ ಪ್ರೀತಿಯಿಂದ ಮುಟ್ಟಿಯಾರೆಂಬ ನಂಬಿಕೆ ಅದರಲ್ಲಿದೆ. ಅವಳನ್ನು ಆಳುವ ಗಿಲಿಯಡ್ ಎಂಬ ದೇಶದ ಕ್ರೌರ್ಯವನ್ನು ನನಗೆ ಮನಗಾಣಿಸಿದ್ದು ಅಲ್ಲಿನ ನೇಣುಗಂಬಗಳಿಗಿಂತ ಹೆಚ್ಚಾಗಿ ಈ ಬೆಣ್ಣೆ.

ಇಂಥ ಕಥೆ ಬರೆಯುವವರಲ್ಲಿ ನನ್ನ ಕೋರಿಕೆ: ನಿಮ್ಮ ಪಾತ್ರಕ್ಕೆ ಏನು ಬೇಕು, ಅದನ್ನು ಯಾರಿಂದ ಬಚ್ಚಿಡಬೇಕು ಎಂಬುದನ್ನು ಮೊದಲು ಬರೆದುಕೊಳ್ಳಿ. ಆ ದೇಶದ ಕಾನೂನುಗಳನ್ನು ಆಮೇಲೆ ಬರೆಯಿರಿ.