ವೆಬ್‌ಸೈಟ್ ಯಾರದ್ದು? ಹುಟ್ಟಿದ ದಿನ ನೋಡಿ!

ಮೂರು ಸಾವಿರದ ಸೀರೆ ಬರೀ ಆರುನೂರಕ್ಕೆ! ಫೋನ್‌ನಲ್ಲಿ ಇಂಥ ಜಾಹೀರಾತು ಕಂಡರೆ ಮನಸ್ಸು ತಡೆಯೋದು ಕಷ್ಟ, ಅಲ್ವಾ? ಆದರೆ ಹಣ ಕಟ್ಟುವ ಮೊದಲು ಆ ಅಂಗಡಿಯ ಜಾತಕ ಒಮ್ಮೆ ನೋಡಿಬಿಡಿ.

ವೆಬ್‌ಸೈಟ್‌ನ ಹೆಸರಿಗೆ ಡೊಮೇನ್ ಅಂತಾರೆ. ಅದನ್ನು ಬಳಸಬೇಕಾದರೆ ನೋಂದಣಿ ಮಾಡಿಸಲೇಬೇಕು. ಡಾಟ್ ಕಾಮ್‌ನಂಥ ಹೆಸರುಗಳ ಉಸ್ತುವಾರಿ ಐಕ್ಯಾನ್ ಸಂಸ್ಥೆಯದು. ಮೊದಲೆಲ್ಲ ‘ಹೂ ಈಸ್’ ದಾಖಲೆ ತೆರೆದರೆ ನೋಂದಾಯಿಸಿದವರ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲವೂ ಕಾಣುತ್ತಿತ್ತು. 2018ರ ಮೇ 25ರಂದು ಯುರೋಪಿನ ಖಾಸಗಿತನದ ಕಾನೂನು ಜಾರಿಯಾದ ಮೇಲೆ ಈ ವಿವರಗಳಿಗೆ ಪರದೆ ಬಿತ್ತು. ‘ಪ್ರೈವಸಿ’ ಸೇವೆ ಪಡೆದು ಹೆಸರು ಮರೆಮಾಡುವವರೂ ಇದ್ದಾರೆ.

ಹೆಸರು ಕಾಣದ ಮಾತ್ರಕ್ಕೆ ಮೋಸ ಅಂತಲ್ಲ. ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವ ಹೆಣ್ಣುಮಗಳಿಗೆ ತನ್ನ ಮನೆ ವಿಳಾಸ, ಫೋನ್ ನಂಬರ್ ಕಂಡಕಂಡವರಿಗೆಲ್ಲ ಸಿಗೋದು ಬೇಡ ಅನ್ನಿಸೋದು ನ್ಯಾಯವೇ.

ಹಾಗಾದರೆ ನಾವು ನೋಡಬೇಕಾದ್ದೇನು? ನೋಂದಣಿ ದಿನಾಂಕ. ಅದಕ್ಕೆ ಪರದೆ ಇಲ್ಲ. ಐಕ್ಯಾನ್‌ನ ‘ಲುಕಪ್’ ಪುಟದಲ್ಲಿ ಡೊಮೇನ್ ಹೆಸರು ಟೈಪ್ ಮಾಡಿದರೆ ಸಾಕು, ಉಚಿತವಾಗಿ ತೋರಿಸುತ್ತದೆ. ‘ಇಪ್ಪತ್ತು ವರ್ಷಗಳಿಂದ ನಿಮ್ಮ ಸೇವೆಯಲ್ಲಿ’ ಅನ್ನುವ ಅಂಗಡಿಯ ಡೊಮೇನ್ ಹುಟ್ಟಿದ್ದು ಹೋದ ತಿಂಗಳು ಅಂತಾದರೆ ಮುಂಗಡ ಹಣ ಕಟ್ಟಬೇಡಿ. ಹಾಗಂತ ಹಳೇ ಡೊಮೇನ್ ಆದರೆ ಕಣ್ಣುಮುಚ್ಚಿ ನಂಬೋದೂ ಬೇಡ; ಫೋನ್ ಮಾಡಿ ವಿಚಾರಿಸಿ.

ಅಕಸ್ಮಾತ್ ಹಣ ಹೋಯಿತೇ? ನಾಚಿಕೆ ಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.